ಬುತ್ತಿ ಬಂದ ಮನೆ

ಆ ಮನೆಯಲ್ಲಿ ಎರಡು ಮಂಚಗಳಿವೆ. ಒಂದರ ಮೇಲೆ ಈವರೆಗೆ ಯಾರೂ ಮಲಗಿಲ್ಲ. ಆದರೂ ಅದರ ಚಾದರ ಒಗೆದು, ಒಣಗಿಸಿ, ಮತ್ತೆ ಬಿಗಿಯಾಗಿ ಹಾಸಿರುತ್ತದೆ. ಹೊಸಬರು ಯಾರಾದರೂ ಬಂದರೆ, ಬೀಗರು-ಬಿಜ್ಜರಿಗೆ ಇಟ್ಟಿರಬೇಕು ಅಂದುಕೊಳ್ಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ನಲವತ್ತು ವರ್ಷ ಇಂಗ್ಲಿಷ್ ಕಲಿಸಿ ತಿದ್ದುವ ಚಟವೇ ಹತ್ತಿದೆ, ಆದರೂ ಇದೊಂದನ್ನು ಬಿಟ್ಟಿದ್ದೇನೆ.

ಮನೆ ವಳಸಂಗದಲ್ಲಿದೆ, ಮಹಾರಾಷ್ಟ್ರದ ಗಡಿಗೆ ಹತ್ತಿದ ಜತ್ ತಾಲೂಕಿನ ಕನ್ನಡ ಊರು. ನಮ್ಮ ಅಪ್ಪನ ಕಾಲಕ್ಕೆ ಅದು ಶೇಂಗಾ ತುಂಬಿಡುತ್ತಿದ್ದ ಗೋಡೌನ್. ಅಂಗಡಿ ಜತ್ತಿನ ಪೇಟೆಯಲ್ಲಿ, ಮಾಲು ಇಲ್ಲಿ. ಅಪ್ಪ ಹೋದ ಮೇಲೆ ಬೀಗ ಬಿದ್ದಿತ್ತು. ಈಗಲೂ ಬಿಸಿಲು ಕಾದಾಗ ಗೋಡೆಯಿಂದ ಹಳೇ ಶೇಂಗಾದ ವಾಸನೆ ಬರುತ್ತದೆ. ಅದನ್ನು ಮನೆ ಮಾಡಿಸಿದ್ದು ನಾನು, ಇಬ್ಬರು ಹೆಂಗಸರ ಸಲುವಾಗಿ. ಬಂದವಳು ಒಬ್ಬಳೇ.

ರಿಟೈರ್ ಆದ ಮೇಲೆ ನನ್ನ ಜೊತೆ ಕೆಲಸ ಮಾಡಿದ್ದ ಒಬ್ಬ ಟೀಚರ್ ಬಾಯಿಯವರು ನನ್ನನ್ನು ಒಂದು ಸಂಸ್ಥೆಗೆ ಕರೆದುಕೊಂಡು ಹೋಗಿದ್ದರು. ಅದು ಸಾಂಗ್ಲಿ ಜಿಲ್ಲೆಯ ಪಶ್ಚಿಮಕ್ಕೆ, ಕಬ್ಬು ಬೆಳೆಯುವ ಕಡೆ. ಅಂಗವಿಕಲ ಹೆಣ್ಣುಮಕ್ಕಳ ವಸತಿಗೃಹ. ಹುಡುಗಿಯರಿಗೆ ಸ್ವಲ್ಪ ಸ್ಪೋಕನ್ ಇಂಗ್ಲಿಷ್ ಹೇಳಿಕೊಡಿ ಅಂದರು. ಡಾರ್ಮಿಟರಿ ತೋರಿಸಲು ಒಯ್ದಾಗ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಫಿನೈಲ್, ಕಾಯಿಸಿದ ಹಾಲು, ಒದ್ದೆ ಟಾವೆಲ್. ಕಬ್ಬಿಣದ ಮಂಚಗಳು, ಒಂದೇ ಬಣ್ಣದ ಚಾದರ. ಅಷ್ಟರಲ್ಲಿ ಬೆಲ್ ಹೊಡೆಯಿತು, ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತೆ. ಯಾರೂ ಹೇಳಿರಲಿಲ್ಲ. ಎಪ್ಪತ್ತರ ಹತ್ತಿರದ ಈ ದೇಹದೊಳಗೆ ಕಾನ್ವೆಂಟ್ ಬೋರ್ಡಿಂಗಿನ ಒಬ್ಬ ಸಣ್ಣ ಹುಡುಗಿ ಇನ್ನೂ ಲೈನಿನಲ್ಲಿ ನಿಂತಿದ್ದಾಳೆ. ನನಗೆ ಮೇ ತಿಂಗಳಲ್ಲಿ ರಜೆ ಸಿಗುತ್ತಿತ್ತು, ಅಪ್ಪ ಟ್ರಂಕು ಹೊರಿಸಿಕೊಂಡು ಮನೆಗೆ ಕರೆತರುತ್ತಿದ್ದ. ಇವರಿಗೆ ರಜೆ ಇರಲಿಲ್ಲ. ದಟ್ ವಾಸ್ ಆಲ್. ಆದರೆ ಎಲ್ಲ ಇರುವುದೇ ಅದರಲ್ಲಿ.

ಡಾರ್ಮಿಟರಿಯ ತುದಿಗೆ, ಕಿಟಕಿಯ ಹತ್ತಿರ, ಅಕ್ಕಪಕ್ಕದ ಎರಡು ಮಂಚಗಳಿಗೆ 'ಕರ್ನಾಟಕ' ಅಂತ ಹೆಸರು ಬಿದ್ದಿತ್ತು. ಇಡೀ ಸಂಸ್ಥೆ ಮರಾಠಿ, ಆ ಮೂಲೆಯೊಂದೇ ಕನ್ನಡ. "ಕರ್ನಾಟಕ, ಊಟಕ್ಕ ನಡೀರಿ," ಅಂತ ಆಯಾಗಳು ಹರುಕು ಕನ್ನಡದಲ್ಲಿ ನಗುತ್ತ ಚಾಷ್ಟಿ ಮಾಡುತ್ತಿದ್ದರು.

ಒಬ್ಬಳು ಅಸಂಗಿ ಕಡೆಯವಳು. ಪೋಲಿಯೋದಿಂದ ಎರಡೂ ಕಾಲು ಹೋಗಿ, ಗಾಲಿ ಹಚ್ಚಿದ ಹಲಗೆಯ ಮೇಲೆ ಕೂತು ಕೈಯಿಂದ ನೆಲ ತಳ್ಳಿಕೊಂಡು ಓಡಾಡುವವಳು. ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಅಣ್ಣ ತಂದುಬಿಟ್ಟಿದ್ದ, ಈಗ ನಲವತ್ತು ದಾಟಿತ್ತು. ಕೈಮಷೀನಿನಲ್ಲಿ ಹೊಲಿಯುತ್ತಿದ್ದಳು, ನಾಲಿಗೆ ಸೂಜಿಗಿಂತ ಚೂಪು. ಇನ್ನೊಬ್ಬಳು ತಿಕೋಂಡಿ ಕಡೆಯ ಕುರಿ ಕಾಯುವ ಮನೆತನದವಳು. ಎತ್ತರ, ಗಟ್ಟಿ ಕೈ, ಮಾತು ಕಡಿಮೆ, ತಿಳಿವಳಿಕೆ ನಿಧಾನ. ತಾಯಿ ತೀರಿಕೊಂಡ ಮೇಲೆ, ದೊಡ್ಡವಳಾಗಿ ಇಲ್ಲಿಗೆ ಬಂದವಳು. ಹಾಗಾಗಿ ಒಂದು ಮನೆ ಅಂದರೇನು ಎಂದು ಅವಳಿಗೆ ಗೊತ್ತಿತ್ತು. ಮುಂದೆ ಅವಳು ಭಕ್ಕರಿ ಬಡಿಯುವುದನ್ನು ನಾನು ನೋಡಿದೆ. ಜೋಳದ ಹಿಟ್ಟು ಅವಳ ಮಾತು ಕೇಳುತ್ತಿತ್ತು.

ಒಬ್ಬ ಹೊಸ ಸೋಶಿಯಲ್ ವರ್ಕರ್ ಹುಡುಗಿ ಬಂದಳು. ಮನಸ್ಸಿದ್ದವರು ಹೊರಗೆ, ಊರಲ್ಲಿ, ತಮ್ಮ ಮನೆಯಲ್ಲಿ ತಾವೇ ಇರಬಹುದು, ಇಂಡಿಪೆಂಡೆಂಟ್ ಲಿವಿಂಗ್ ಅಂದಳು. ಎಲ್ಲರೂ ನಕ್ಕರು. ಕರ್ನಾಟಕ ನಗಲಿಲ್ಲ. "ಬಾಯಾರ, ಕನ್ನಡ ಮಾತಾಡೂ ಊರಾಗ ಒಂದ್ ಖೋಲಿ ಇದ್ರ ನೋಡ್ರಿ," ಅಂದಳು ಗಾಲಿಯವಳು. "ನಂದು ಬಾಯಿ, ಈಕೀದು ಕೈ. ಇಬ್ಬರೂ ಕೂಡಿ ಒಂದು ಪೂರಾ ಸೊಸಿ ಆಗ್ತೀವಿ." ಎತ್ತರದವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕದ್ದು ನನ್ನ ಕಣ್ಣ ಮುಂದಿದೆ.

ಗೋಡೌನಿನ ಬೀಗ ತೆಗೆಸಿದೆ. ಗಾಲಿ ಹಲಗೆ ಒಳಗೆ ಬರಬೇಕಲ್ಲ, ಹೊಸ್ತಿಲು ಕಿತ್ತುಬಿಡಪಾ ಅಂದರೆ ಗಾರೆಕೆಲಸದ ಗೌಂಡಿ ಕೈಯ ಕರಣಿ ಕೆಳಗಿಟ್ಟ. "ಹೊಸ್ತಿಲ ಇಲ್ಲದ ಮನ್ಯಾಗ ಲಕ್ಷ್ಮಿ ಎಲ್ಲಿ ನಿಂದರಬೇಕ್ರಿ?" ಕಡೆಗೆ ಹೊಸ್ತಿಲು ಉಳಿಯಿತು, ಒಳಗೂ ಹೊರಗೂ ಇಳಿಜಾರು ಮಾಡಿದ. ಗ್ಯಾಸಿನ ಒಲೆ ನೆಲದ ಮೇಲೆಯೇ. ಎರಡು ಮಂಚ, ಎರಡು ತಾಟು, ಎರಡು ಚರಿಗೆ ತಂದಿಟ್ಟೆ. ಸಂಸ್ಥೆಯ ಹಿಂದಿನ ಪಡಸಾಲೆಯಲ್ಲಿ ಇಬ್ಬರಿಗೂ ಒಲೆ ಹಚ್ಚುವುದನ್ನು ಕಲಿಸಿದರು. ಅಲ್ಲಿಯವರೆಗೆ ಗಾಲಿಯವಳು ಒಂದು ಕಡ್ಡಿಯನ್ನೂ ಗೀರಿದವಳಲ್ಲ. ಸುಟ್ಟುಕೊಂಡರೆ ಯಾರು ಹೊಣೆ ಅಂತ ಅಲ್ಲಿ ರೆಸಿಡೆಂಟ್‌ಗಳನ್ನು ಅಡುಗೆಮನೆಗೆ ಬಿಡುತ್ತಿರಲಿಲ್ಲ. ಅವಳು ಹಿಟ್ಟು ನಾದಿ ಉಂಡೆ ಮಾಡಿ ಕೊಡುವುದು, ಗೆಳತಿ ಕೈ ಚಾಚಿ ಇಸಕೊಂಡು ಬಡಿಯುವುದು. ಹಾಗೆ ರೂಢಿ ಮಾಡಿಕೊಂಡಿದ್ದರು.

ಮಳೆಗಾಲದಲ್ಲಿ ಎತ್ತರದವಳಿಗೆ ಜ್ವರ ಬಂತು. ದವಾಖಾನೆಗೆ ಒಯ್ದವರು ಹೊಳ್ಳಿ ಕರೆತರಲಿಲ್ಲ.

ನಾನು ಆಗ ಜತ್ತಿನಲ್ಲಿದ್ದೆ. ಗಾಲಿಯವಳು ಆಮೇಲೆ ಹೇಳಿದ್ದಿಷ್ಟು. ಮುಂಜಾನೆ ದಿನದಂತೆ ಬೆಲ್ ಹೊಡೆಯಿತು. ಗೆಳತಿ ತೀರಿಕೊಂಡ ಸುದ್ದಿ ಬಂತು. ಅವತ್ತು ಯಾರೋ ದಾನಿಗಳ ಮಗುವಿನ ಬರ್ಥ್‌ಡೇ ಊಟ ಮೊದಲೇ ನಿಕ್ಕಿಯಾಗಿತ್ತು. ಪ್ರಾರ್ಥನೆ ಹೇಳಿದರು, ಶಿರಾ ಬಡಿಸಿದರು, ಎಲ್ಲರೂ ಕೈ ಮುಗಿದು ಥ್ಯಾಂಕ್ಯೂ ಅಂದರು. ಮಣ್ಣು ಮಾಡಲು ಹೆಂಗಸರನ್ನು ಯಾರು ಕರೆದೊಯ್ಯುತ್ತಾರೆ? ಸಂಜೆಯೊಳಗೆ ಆ ಮಂಚದ ಚಾದರ ಬದಲಾಯಿತು, ಅದೇ ವಾರ ಇನ್ನೊಂದು ಹುಡುಗಿ ಬಂದು ಮಲಗಿದಳು.

"ಶಿರಾ ಚಲೋ ಆಗಿತ್ರಿ," ಅಂದಳು ನನಗೆ. ಅಷ್ಟೇ.

ಇನ್ನು ಇವಳು ಬರುವುದಿಲ್ಲ ಅಂದುಕೊಂಡೆ. ಬಂದಳು. ಗೆಳತಿಗೆಂದು ತಂದಿಟ್ಟ ಮಂಚ ತೆಗೆಯಬೇಡಿ ಅನ್ನುವುದೊಂದೇ ಕರಾರು. ದೀವಳಿಗೆ ದಾಟಿದ ಮೇಲೆ ಸಂಸ್ಥೆಯ ಜೀಪು ಅವಳನ್ನೂ ಅವಳ ಕೈಮಷೀನನ್ನೂ ವಳಸಂಗದಲ್ಲಿ ಇಳಿಸಿತು. ಸುಪರಿಂಟೆಂಡೆಂಟ್ ಬಾಯಿ ಕೆಟ್ಟವರಲ್ಲ, ಹೆದರಿದವರು. "ಟ್ರಯಲ್ ಅಂತ ತಿಳಿಯಿರಿ," ಅಂದರು ಮರಾಠಿಯಲ್ಲಿ. "ಸಂಕ್ರಾಂತಿಯವರೆಗೆ ಅವಳ ಮಂಚ ಖಾಲಿ ಇಟ್ಟಿರುತ್ತೇವೆ. ತನ್ನನ್ನು ತಾನು ನೋಡಿಕೊಂಡಳೋ ಸರಿ, ಇಲ್ಲವಾದರೆ ಇದೇ ಜೀಪಿನಲ್ಲಿ ವಾಪಸ್."

ಓಣಿ ಭಾಳ ಚಲೋ ಓಣಿ. ಮೊದಲ ದಿನವೇ ಎದುರು ಮನೆಯ ಸೊಸೆ ಬಿಸಿ ಭಕ್ಕರಿ, ಝುಣಕಾ ತಂದಳು. ಮರುದಿನ ಬಾಜೂ ಮನೆಯವರು ಶೇಂಗಾ ಹಿಂಡಿ, ಪಲ್ಲೆ. ಆಮೇಲೆ ಸರದಿ ಹಚ್ಚಿದಂತೆ ದಿನಾ. "ಪಾಪ, ಕಾಲಿಲ್ಲದ ಕೂಸು, ಒಲಿ ಮುಂದ ಹೆಂಗ ಕುಂದರಬೇಕು?" ಅವಳು ಕೈ ಮುಗಿದು "ಉಪಕಾರ ಆತ್ರಿ" ಅನ್ನುತ್ತಿದ್ದಳು, ಸಂಸ್ಥೆಯಲ್ಲಿ ದಾನಿಗಳಿಗೆ ಅಂದ ಅದೇ ದನಿಯಲ್ಲಿ. ನಾನು ಹಿಗ್ಗಿದೆ. ಸೋಶಿಯಲ್ ವರ್ಕರ್ ಹುಡುಗಿಗೆ ಫೋನ್ ಮಾಡಿ, "ಕಮ್ಯುನಿಟಿ ಸಪೋರ್ಟ್ ಅಂದ್ರ ಹಿಂಗಿರಬೇಕು ನೋಡವಾ," ಅಂದೆ.

ಆದರೆ ಆ ಮನೆಯಲ್ಲಿ ಕೂತಾಗ ಏನೋ ಒಂದು ಬೆನ್ನಿಗೆ ತಣ್ಣಗೆ ಹತ್ತುತ್ತಿತ್ತು. ಸಂಸ್ಥೆಯ ಬೆಲ್ಲಿನ ಹೊತ್ತಿಗೆ ಅವಳು ತಾನಾಗಿ ಎದ್ದು, ಗ್ಲಾಸು ಹಿಡಿದು, ಗೋಡೆಗೆ ಒರಗಿ ಕೂಡುತ್ತಿದ್ದಳಂತೆ. ಚಹಾ ಯಾರು ಹಾಕಬೇಕು? ಬಾಗಿಲಿಗೆ ಒಳಗಿನಿಂದ ಅಗುಳಿ ಇದ್ದರೂ ಹಾಕುತ್ತಿರಲಿಲ್ಲ, ಮುಂಜಾನೆ ತಾನಾಗಿ ತೆರೆಯುತ್ತಲೂ ಇರಲಿಲ್ಲ. ಯಾರಾದರೂ ಹೊರಗಿನಿಂದ ದೂಡುವವರೆಗೆ ಬಾಗಿಲನ್ನೇ ನೋಡುತ್ತ ಕೂಡುವುದು. ಎದುರು ಮನೆಯ ಸೊಸೆ ಒಂದು ದಿನ ನನ್ನನ್ನು ಬದಿಗೆ ಕರೆದಳು.

"ಬಾಯಾರ, ಆಕಿ ಯಾರ ಕೂಡ ಮಾತಾಡ್ತಾಳ್ರಿ?"

"ಯಾಕವಾ?"

"ದೀಪ ಆರಸಲೇನ ಅಂತ ಕೇಳ್ತಾಳ್ರಿ. ಉತ್ತರ ಬಂದಂಗ ಸುಮ್ಮನ ಕುಂದರ್ತಾಳ. ಆಮ್ಯಾಲೆ ಆರಸ್ತಾಳ." ಅವಳು ಧ್ವನಿ ಇಳಿಸಿದಳು. "ಆ ಖಾಲಿ ಮಂಚಾ ತಗಸ್ರಿ. ನಮ್ಮ ಹುಡುಗ್ರು ಅಂಜಾಕತ್ತಾವು."

ಸಂಕ್ರಾಂತಿ ಇನ್ನೂ ದೂರವಿರುವಾಗಲೇ ಸುಪರಿಂಟೆಂಡೆಂಟ್ ಬಾಯಿ ಒಂದು ದಿನ ಹೇಳದೆ ಬಂದರು. ಒಂದೊಂದೇ ಪಾತೇಲಿ ಮುಚ್ಚಳ ತೆಗೆದು ನೋಡಿದರು. ತವೆಯ ಮೇಲೆ ಅಂಗಡಿಯ ಸ್ಟಿಕರ್ ಇನ್ನೂ ಅಂಟಿಕೊಂಡಿತ್ತು. ಒಲೆ ಫಳಫಳ. ಒಂದು ಸಲವೂ ಹೊತ್ತಿದ್ದಲ್ಲ. ಹೊರಗೆ ಇಳಿಜಾರಿನ ಮೇಲೆ ನಿಂತು ಮೆಲ್ಲಗೆ ಅಂದರು: "ಅಲ್ಲಿ ನಾವು ಸಾಕುತ್ತಿದ್ದೆವು. ಇಲ್ಲಿ ಓಣಿ ಸಾಕುತ್ತಿದೆ. ಫರಕ್ ಏನಾಯಿತು, ಬಾಯಿ? ಓಣಿಗೆ ಒಂದಲ್ಲ ಒಂದು ದಿನ ಬೇಸರ ಬರುತ್ತದೆ. ಆಗ ಇವಳ ಮಂಚ ನಮ್ಮಲ್ಲೂ ಇರುವುದಿಲ್ಲ."

ಜೀಪು ಹೋದ ಮೇಲೆ ಒಳಗೆ ಬಂದು, ನೆಲದ ಮೇಲೆ ಅವಳೆದುರು ಕೂತೆ.

"ಒಲಿ ಹಚ್ಚಾಕ ಬರೂದಿಲ್ಲೇನು ನಿನಗ?"

"ಬರ್ತದ್ರಿ."

"ಮತ್ತ?"

ಅವಳು ಹಲಗೆಯ ಗಾಲಿಯನ್ನು ಹೆಬ್ಬೆರಳಿನಿಂದ ತಿರುಗಿಸುತ್ತ ಕೂತಳು. "ಒಲಿ ಮುಂದ ಕುಂತ್ರ ಆಕಿ ಬಾಜೂಕ ಬಂದು ಕುಂದರ್ತಾಳ್ರಿ. ಹಿಟ್ಟಿನ ಉಂಡಿ ಕೊಡು ಅಂತ ಕೈ ಚಾಚ್ತಾಳ. ನಾ ಯಾರ ಕೈಯಾಗ ಕೊಡ್ಲಿ?"

ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ನಾನು ಕೇಳಲೇಬೇಕಿತ್ತು. "ಹಂಗಾರ ಹೊಳ್ಳಿ ಹೋಗ್ತೀಯಾ?"

"ಒಲ್ಲೆ," ಅಂದಳು, ಒಮ್ಮೆಲೇ ಮುಖ ಎತ್ತಿ. "ಅಲ್ಲಿ ಆಕಿ ಮಂಚದಾಗ ಬ್ಯಾರೇದಾಕಿ ಮಲಗ್ಯಾಳ್ರಿ. ನಸಿಕಿನ್ಯಾಗ ಎದ್ದು ಹೊಳ್ಳಿ ನೋಡಿದ್ರ ಬ್ಯಾರೇ ಮಾರಿ. ಇಲ್ಲಿ ಖಾಲಿನರ ಐತಿ. ಬಾಯಾರ, ನನ್ನ ಕಳಸಬ್ಯಾಡ್ರಿ."

ಕಳಿಸುವುದು ಬಿಡುವುದು ನನ್ನ ಕೈಯಲ್ಲಿದೆಯೇ? ಪ್ರಾಮಿಸ್ ಮಾಡದೆ ಎದ್ದೆ. ಕಾನ್ವೆಂಟಿನಲ್ಲಿ ಹಾಗೆಯೇ ಕಲಿಸಿದ್ದರು, ನಡೆಸಿಕೊಡಲಾಗದ ಮಾತು ಕೊಡಬಾರದು. ಎಸ್.ಟಿ. ಬಸ್ಸಿನಲ್ಲಿ ಜತ್ತಿನವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಗಾಜಿನಲ್ಲಿ ಕಂಡದ್ದು ಒಬ್ಬ ಮುದುಕಿಯ ಮುಖ, ಮತ್ತು ಅದರ ಹಿಂದೆ ಓಡುವ ಬಯಲು.

ಮುಂದಿನ ಭಾನುವಾರ ಮಧ್ಯಾಹ್ನ ನಾನು ಅಲ್ಲಿದ್ದಾಗಲೇ ಇನ್ನೊಬ್ಬ ಮುದುಕಿ ಬಂದಳು. ಓಣಿಯ ತುದಿಯ ಕುರಿಹಟ್ಟಿಯ ಅಜ್ಜಿ. ಊರೆಲ್ಲ ಅಮ್ಮಾಯಿ ಅನ್ನುತ್ತಿತ್ತು. ಬಾಯಿ ಜೋರು, ಹಲ್ಲಿಲ್ಲ, ಎಲೆಅಡಿಕೆಯನ್ನು ಸಣ್ಣ ಒರಳಿನಲ್ಲಿ ಕುಟ್ಟಿಕೊಂಡು ತಿನ್ನುವವಳು. ಇಷ್ಟು ದಿನ ಕುರಿ ಮೇಯಿಸಲು ಹೊರಗೆ ಹೋಗಿದ್ದವಳು ಆ ವಾರವಷ್ಟೇ ಊರಿಗೆ ಮರಳಿದ್ದಳು. ಹೊಸ್ತಿಲ ಮೇಲೆ ನೆರಳಿಗೆ ಕೂತಳು. ಅದೇ ಹೊತ್ತಿಗೆ ಎದುರು ಮನೆಯ ಸೊಸೆ ಬಟ್ಟೆ ಮುಚ್ಚಿದ ಬುಟ್ಟಿ ತಂದಿಟ್ಟಳು, ಹಿಂದೆಯೇ ಬಾಜೂ ಮನೆಯವರ ಪಲ್ಲೆಯ ಡಬರಿ ಬಂತು. ಮುದುಕಿ ಬುಟ್ಟಿ ನೋಡಿದಳು. ಕತ್ತು ಉದ್ದ ಮಾಡಿ ತಣ್ಣಗಿನ ಒಲೆ ನೋಡಿದಳು.

"ಏ, ಯಾರ ಸತ್ತಾರ ಈ ಮನ್ಯಾಗ? ಒಲಿ ಹತ್ತಿಲ್ಲ, ಓಣಿ ಮಂದಿ ಬುತ್ತಿ ತರಾಕತ್ತಾರ!"

ಚಾಷ್ಟಿಗೇ ಅಂದಿದ್ದಳು. ಸೊಸೆ, "ಅಮ್ಮಾಯಿ, ಏನ್ ಮಾತಂತ ಆಡ್ತಿ," ಎಂದು ನಾಲಿಗೆ ಕಚ್ಚಿಕೊಂಡಳು. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು, ಬೀಗರು ಬುತ್ತಿ ತಂದು ಉಣಿಸುತ್ತಾರೆ. ಹಿರಿಯ ಹೆಣ್ಣುಮಗಳೊಬ್ಬಳು ಬಂದು ಏಳು ಅನ್ನುವವರೆಗೆ ಆ ಮನೆಯವರು ಒಲೆ ಮುಟ್ಟುವುದಿಲ್ಲ. ಇದು ಓಣಿಯಲ್ಲಿ ಎಲ್ಲರಿಗೂ ಗೊತ್ತು, ನನಗೂ ಗೊತ್ತು. ದಿನಾ ಭಕ್ಕರಿ ಹೊತ್ತು ತಂದ ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ.

ಗಾಲಿಯವಳು ಕೈಮಷೀನು ನಿಲ್ಲಿಸಿದಳು.

"ಸತ್ತಾಳ್ರಿ," ಅಂದಳು.

ಸೊಸೆ ಖಾಲಿ ಮಂಚದ ಕಡೆ ನೋಡಿದಳು.

"ನನ್ನ ಗೆಳತಿ ಸತ್ತಾಳ. ಆ ಮಂಚ ಆಕೀದು."

ಮುದುಕಿ ಬಾಯಿಯಲ್ಲಿದ್ದ ಎಲೆ ಉಗುಳಿ ಬಂದಳು. "ಯಾವೂರಾಕಿ?"

"ತಿಕೋಂಡಿ ಕಡೆಯಾಕಿ. ನಿಮ್ಮ ಮಂದೀನ. ಕುರಿ ಕಾಯೋ ಮನೀ ಮಗಳು."

"ಯಾರರ ಅತ್ತಾರೇನ?"

"ಯಾರೂ ಬಂದಿಲ್ಲರಿ. ಯಾರಿಗೂ ಗೊತ್ತಿಲ್ಲ."

"ನೀ ಅತ್ತೀಯೇನ?"

ಇವಳು ತಲೆ ಅಲ್ಲಾಡಿಸಿದಳು. "ಅವತ್ತ ಶಿರಾ ಬಡಿಸಿದ್ರು."

ಮುದುಕಿ ಒಳಗೆ ಬಂದು, ಖಾಲಿ ಮಂಚದ ಕಾಲಿಗೆ ಬೆನ್ನು ಕೊಟ್ಟು ಕೂತು, ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. "ಹೆಸರೇನವಾ ಆಕೀದು?" ಅಂದಳು. ಇವಳು ಹೇಳಿದಳು. ಆ ಹೆಸರು ಇಲ್ಲಿ ಬರೆಯುವುದಿಲ್ಲ, ಅದು ಆ ಮನೆಯದು. ಮುದುಕಿ ಆ ಹೆಸರು ಹಿಡಿದು ಕರೆದು, ಹಾಡಿ ಹಾಡಿ ಅಳಲು ಶುರುಮಾಡಿದಳು. ನಮ್ಮ ಹಳ್ಳಿಯ ಹೆಂಗಸರು ಸತ್ತವರೆದುರು ಕೂತು ಅಳುವ ಹಾಗೆ. ಕುರಿ ಹಿಂಡಿನಾಗ ತಪ್ಪಿದ ಮರೀನ ಅಂತ, ಹಾಲಿನಂಥ ಮಗಳ ಅಂತ, ನಿನ್ನ ಮಾರಿ ನೋಡದ ನಾ ಅಳಾಕತ್ತೀನಿ ಅಂತ. ಎಂದೂ ಕಾಣದ ಹುಡುಗಿಗೆ.

ಅಳು ಕೇಳಿ ಓಣಿಯೇ ಓಡಿಬಂತು, ಕೈಗೆ ಹಿಟ್ಟು ಮೆತ್ತಿಕೊಂಡವರು, ಸೋಪಿನ ನೊರೆಯವರು. ಗಾಲಿಯವಳೇ ಹೋದಳು ಎಂದು ಬಂದವರು, ಅವಳು ಜೀವಂತ ಕೂತದ್ದು ನೋಡಿ ಬಾಗಿಲಲ್ಲಿ ಗೊಂದಲಗೊಂಡು ನಿಂತರು. ಅವಳು ಹಲಗೆಯಿಂದ ಇಳಿದು, ನೆಲಕ್ಕೆ ಕೈಯೂರಿ ತೆವಳಿ, ಮುದುಕಿಯ ಮಡಿಲಿಗೆ ಬಿದ್ದಳು. ಆಮೇಲೆ ಎದ್ದಂಥ ದನಿಯನ್ನು ನಾನು ಅವಳಿಂದ ಹಿಂದೆಂದೂ ಕೇಳಿರಲಿಲ್ಲ. ನಾವು ಬೋರ್ಡಿಂಗಿನಲ್ಲಿ ಅಳುವುದನ್ನು ದಿಂಬಿನೊಳಗೆ ಕಲಿತವರು, ಸದ್ದಿಲ್ಲದೆ, ವಿತ್ ಮ್ಯಾನರ್ಸ್. ನನ್ನ ಕರ್ಚೀಫು ನನ್ನ ಕೈಯಲ್ಲೇ ಮುದ್ದೆಯಾಯಿತು.

ಮರುದಿನದಿಂದಲೂ ಭಕ್ಕರಿ ಬಂತು. ಅದೇ ಬುಟ್ಟಿ, ಅದೇ ಡಬರಿ. ಆದರೆ ತರುವ ರೀತಿ ಬೇರೆ. ಯಾರೂ "ಪಾಪ" ಅನ್ನಲಿಲ್ಲ. ಸುಮ್ಮನೆ ಇಟ್ಟು, ಒಂದಿಷ್ಟು ಹೊತ್ತು ಗೋಡೆಗೆ ಒರಗಿ ಕೂತು, ಸತ್ತವಳ ಬಗ್ಗೆ ಕೇಳಿ, ಎದ್ದು ಹೋಗುವುದು. ಇವಳೂ ಕೈ ಮುಗಿಯುವುದನ್ನು ಬಿಟ್ಟಳು. ಸಾವಿನ ಮನೆಯಲ್ಲಿ ಬುತ್ತಿ ತಂದವರಿಗೆ ಉಪಕಾರ ಆಯಿತು ಅನ್ನುವ ರೂಢಿಯಿಲ್ಲ. ಇವತ್ತು ನನ್ನದು, ನಾಳೆ ನಿಮ್ಮದು. ನಲವತ್ತು ದಾಟಿದ ಹೆಂಗಸು ಮೊದಲ ಸಲ ಥ್ಯಾಂಕ್ಯೂ ಹೇಳದೆ ಉಂಡಳು.

ಒಂದು ದಿನ ಮುಂಜಾನೆ ಮುದುಕಿ ಬಂದು ಬಾಗಿಲಲ್ಲಿ ನಿಂತಳು. ನಾನು ಹಿಂದಿನ ದಿನವೇ ಬಂದು ಎದುರು ಮನೆಯಲ್ಲಿ ಉಳಿದಿದ್ದೆ.

"ಏಳವಾ. ಒಲಿ ಹಚ್ಚು. ಇವತ್ತಿನಿಂದ ಬುತ್ತಿ ಬರೂದಿಲ್ಲ."

ಅವಳು ಒಲೆಯ ಮುಂದೆ ಇಳಿದು ಕೂತಳು. ಕಡ್ಡಿ ಗೀರಿದಳು, ಆರಿತು. ಇನ್ನೊಂದು ಗೀರಿದಳು. ನೀಲಿ ಉರಿ ಎದ್ದಾಗ ಅವಳ ಕಣ್ಣು ಬಾಜೂಕಿನ ಖಾಲಿ ಜಾಗಕ್ಕೆ ಹೋಯಿತು, ಅಲ್ಲೇ ನಿಂತಿತು. ಅಂಗೈಯಲ್ಲಿ ಹಿಟ್ಟಿನ ಉಂಡೆ. ಅವಳು ಉಂಡೆಯನ್ನು ಒಂದು ಸಲ ಆ ಕಡೆ ಚಾಚಿದಳು. ನಿಜವಾಗಿ ಚಾಚಿದಳು. ಆಮೇಲೆ ಹಿಂದಕ್ಕೆ ತಂದು, ಪರಾತಿನಲ್ಲಿಟ್ಟು, ತಾನೇ ಬಡಿಯಲು ಹತ್ತಿದಳು. ಭಕ್ಕರಿ ಎರಡು ಕಡೆ ಹರಿಯಿತು, ಅಂಚು ಎಲ್ಲೆಲ್ಲೋ ಹೋಯಿತು.

ಮುದುಕಿ ಬಗ್ಗಿ ನೋಡಿದಳು. "ಇದು ಭಕ್ಕರಿ ಅಲ್ಲವಾ, ಜತ್ ತಾಲೂಕಿನ ನಕಾಶಿ."

"ತಡೀರಿ ಅಮ್ಮಾಯಿ, ನಿಮಗ ಮೊದಲ ಸಾಂಗ್ಲಿ ಜಿಲ್ಲಾ ಪೂರಾ ತಿನ್ನಸ್ತೀನಿ," ಅಂದಳು ಇವಳು. ಆ ಹಳೆಯ ಚೂಪು ನಾಲಿಗೆ. ನನಗೆ ನಗು ಬಂತು, ಕಣ್ಣೂ ತುಂಬಿತು. ಹರಿದ ಆ ಮೊದಲ ಭಕ್ಕರಿಯ ಅರ್ಧವನ್ನು ಎರಡನೆಯ ತಾಟಿನಲ್ಲಿ ಹಾಕಿ ಮುದುಕಿಯೇ ಹೊರಗೆ ಮಾಳಿಗೆಯ ಮೇಲೆ ಇಡಿಸಿದಳು. ಕಾಗೆ ಬಂತೋ ಇಲ್ಲವೋ ನಾನು ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ, ಭೋಗಿಯಂದು, ಜೀಪು ಬಂತು. ಅವತ್ತು ನಮ್ಮಲ್ಲಿ ಎಳ್ಳು ಹಚ್ಚಿದ ಸಜ್ಜಿ ಭಕ್ಕರಿ. ಸುಪರಿಂಟೆಂಡೆಂಟ್ ಬಾಯಿ ತವೆ ನೋಡಿದರು. ಸ್ಟಿಕರ್ ಸುಟ್ಟು ಕರ್ರಗೆ ಒಂದು ಗುರುತಾಗಿ ಉಳಿದಿತ್ತು. ಊಟಕ್ಕೆ ಕೂತರು. ಉಂಡು ಕೈ ತೊಳೆದ ಮೇಲೆ, "ಹಾಗಾದರೆ ಕಿಟಕಿಯ ಹತ್ತಿರದ ನಿನ್ನ ಮಂಚ ಬೇರೆಯವರಿಗೆ ಕೊಡಲೇ?" ಅಂದರು.

"ಕೊಡ್ರಿ," ಅಂದಳು ಇವಳು. "ಬಾಜೂಕ ಮಲಗೂ ಹುಡುಗೀಗಿ ಹೇಳ್ರಿ, ನೀ ಮಲಗೂ ಮಂಚದಾಗ ನಮ್ಮಾಕಿ ಇದ್ಲು ಅಂತ. ಅಂಜಬ್ಯಾಡ ಅಂತನೂ ಹೇಳ್ರಿ."

ಜೀಪು ಖಾಲಿ ಹೋಯಿತು.

ಓಣಿಯಲ್ಲಿ ಈಗ ಯಾರಾದರೂ ತೀರಿಕೊಂಡರೆ, ಬುತ್ತಿ ಕಳಿಸುವ ಮನೆಗಳಲ್ಲಿ ಇದೂ ಒಂದು. ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಗಾಲಿ ಹಲಗೆ ತಳ್ಳಿಕೊಂಡು, ಇಳಿಜಾರು ಇಳಿದು ಹೋಗುತ್ತಾಳೆ. ಮುಂಜಾನೆ ಬಾಗಿಲು ತಾನೇ ತೆರೆಯುತ್ತಾಳೆ. ಆದರೆ ಬೆಲ್ಲಿನ ಹೊತ್ತಿಗೆ ಎಚ್ಚರ ಇನ್ನೂ ಆಗುತ್ತದಂತೆ. ನನಗೂ ಆಗುತ್ತದೆ, ನನ್ನದು ಬೇರೆ ಬೆಲ್, ಬೇರೆ ಊರು. ಅದರ ಬಗ್ಗೆ ನಾವು ಹೆಚ್ಚು ಮಾತಾಡುವುದಿಲ್ಲ.

ಭಾನುವಾರಗಳಲ್ಲಿ ಹೋದಾಗ ನಾನು ಯಾವಾಗಲೂ ನೆಲದ ಮೇಲೆ ಕೂಡುತ್ತಿದ್ದೆ. ಮೊಳಕಾಲು ಈಗ ಮಾತು ಕೇಳುವುದಿಲ್ಲ. ಹೋದ ವಾರ ನನ್ನ ಒದ್ದಾಟ ನೋಡಿ, ಒಲೆಯ ಮುಂದಿನಿಂದಲೇ ಅಂದಳು: "ಮ್ಯಾಲೆ ಕುಂದ್ರಿ ಬಾಯಾರ. ಆಕಿ ಏನೂ ಅನ್ನೂದಿಲ್ಲ."

ಬಿಗಿಯಾಗಿ ಹಾಸಿದ ಆ ಚಾದರದ ಅಂಚಿಗೆ, ಪರವಾನಗಿ ಕೇಳುವವಳ ಹಾಗೆ, ಕೂತೆ. ಮಂಚ ಕಿರ್ ಅಂದಿತು.

ಆ ಸದ್ದಿಗೆ ಅವಳು ತಟ್ಟನೆ ಹೊರಳಿದಳು. ಕೈಯಲ್ಲಿ ಹಿಟ್ಟು, ಮುಖದ ಮೇಲೆ ನನಗಾಗಿ ಅಲ್ಲದ ಒಂದು ನಗು. ಒಂದು ಗಳಿಗೆ ಅಷ್ಟೇ. ಆಮೇಲೆ ಅವಳಿಗೆ ನಾನು ಕಂಡೆ. ನಗು ಆರಲಿಲ್ಲ, ಸ್ವಲ್ಪ ಇಳಿಯಿತು.

"ಎರಡ ಭಕ್ಕರಿ ಸಾಕಲ್ಲಾ?" ಅಂದಳು.

ಸಾಕು ಅಂದೆ, ಮಂಚದ ಮೇಲಿನ ಇಬ್ಬರ ಪರವಾಗಿಯೂ.